ಒಂದೇ ಪಂಕ್ತಿ, ಮೂರು ಪಿಂಚಣಿ

ನವೆಂಬರ್ ಬಂತೆಂದರೆ ನಾನು ಒಂದು ದಿನ ರಜೆ ಹಾಕಿ ತಿಪಟೂರಿಗೆ ಹೋಗುತ್ತೇನೆ. ಅಪ್ಪ ಇನ್ನೂ ಬದುಕಿದ್ದಾರೆ ಅಂತ ಬ್ಯಾಂಕಿನವರಿಗೆ ತೋರಿಸಬೇಕು. ಜೀವಿತ ಪ್ರಮಾಣಪತ್ರ ಕೊಡದಿದ್ದರೆ ಪಿಂಚಣಿ ನಿಲ್ಲುತ್ತದೆ. ಅಪ್ಪನಿಗೀಗ 84. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ, ಪಿಂಚಣಿ ಪುಸ್ತಕವನ್ನು ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟುಕೊಂಡು, ಬೆಳಗ್ಗೆ ಒಂಬತ್ತಕ್ಕೇ ಜಗಲಿಯ ಮೇಲೆ ಕೂತಿರುತ್ತಾರೆ. ಬ್ಯಾಂಕು ತೆಗೆಯುವುದು ಹತ್ತಕ್ಕೆ ಅಂತ ಹೇಳಿದರೂ ಕೇಳುವುದಿಲ್ಲ. ಶಾಲೆಗೆ ಮೊದಲ ಗಂಟೆಗಿಂತ ಮುಂಚೆ ಹೋದವರು ಅವರು, ಆ ಅಭ್ಯಾಸ ಹೋಗಿಲ್ಲ.

ಹೋದ ಸಲ ಬೆರಳಚ್ಚು ಕೂರಲಿಲ್ಲ. ಹೆಬ್ಬೆರಳು ಇಟ್ಟರು, ಯಂತ್ರ ಕೆಂಪು ತೋರಿಸಿತು. ತೋರುಬೆರಳು, ಮತ್ತೆ ಕೆಂಪು. ಕೌಂಟರಿನ ಹುಡುಗಿ ಒದ್ದೆ ಬಟ್ಟೆ ಕೊಟ್ಟು ಒರೆಸಿಕೊಳ್ಳಿ ಅಂದಳು. ಅಪ್ಪ ಒರೆಸಿಕೊಂಡು, ಬೆರಳನ್ನೊಮ್ಮೆ ಬೆಳಕಿಗೆ ಹಿಡಿದು ನೋಡಿ, ಮತ್ತೆ ಇಟ್ಟರು. ಹೀಗೇ ಹತ್ತು ನಿಮಿಷ ಹೋಯಿತು. ನಮ್ಮ ಹಿಂದೆ ಸಾಲು ಬೆಳೆಯುತ್ತಿತ್ತು. ಆಗ ಸಾಲಿನಲ್ಲಿದ್ದ ಒಬ್ಬರು, ನನ್ನದೇ ವಯಸ್ಸಿನವರು, ಪಕ್ಕದವರಿಗೆ ಹೇಳಿದರು: "ಇವರಿಗೆಲ್ಲ ಕೂರಿಸಿ ಕೊಟ್ಟು ಕೊಟ್ಟೇ ಸರ್ಕಾರ ದಿವಾಳಿ ಆಗಿರೋದು." ಮೆಲ್ಲಗೆ ಹೇಳಿದರು ಅಂತ ಅವರಿಗೆ ಅನಿಸಿರಬೇಕು. ನನಗೆ ಚೆನ್ನಾಗಿಯೇ ಕೇಳಿಸಿತು. ಅಪ್ಪನಿಗೆ ಒಂದು ಕಿವಿ ಮಂದ. ಕೇಳಿಸಿತೋ ಇಲ್ಲವೋ ನಾನು ಕೇಳಲಿಲ್ಲ.

ತಿರುಗಿ ಜಗಳ ಆಡಬೇಕು ಅನಿಸಿತು. ಆಡಲಿಲ್ಲ. ಯಾಕೆಂದರೆ, ಅಪ್ಪನ ವಿಷಯ ಅಲ್ಲದಿದ್ದರೆ ಆ ಮಾತನ್ನು ನಾನೇ ಆಡುತ್ತಿದ್ದೆನೇನೋ. ಆಡಿದ್ದೇನೆ ಕೂಡ, ಆಫೀಸಿನ ಕ್ಯಾಂಟೀನಿನಲ್ಲಿ, ಒಂದಲ್ಲ ಹತ್ತು ಸಲ.

ಆ ಮನುಷ್ಯನ ಲೆಕ್ಕ

ಅವರ ಮಾತನ್ನು ಸುಮ್ನೆ ಹೊಟ್ಟೆಕಿಚ್ಚು ಅಂತ ತಳ್ಳಿಹಾಕಲು ಆಗುವುದಿಲ್ಲ. ಸರ್ಕಾರಿ ನೌಕರರ ಸಂಬಳ ಪರಿಷ್ಕರಣೆಗೆ ಕೆ. ಸುಧಾಕರ ರಾವ್ ಅಧ್ಯಕ್ಷತೆಯಲ್ಲಿ ಮಾಡಿದ್ದ ಏಳನೇ ವೇತನ ಆಯೋಗದ ಶಿಫಾರಸು ನಮ್ಮ ರಾಜ್ಯದಲ್ಲಿ 2024ರ ಆಗಸ್ಟ್ 1ರಿಂದ ಜಾರಿಗೆ ಬಂತು. ಕನಿಷ್ಠ ಮೂಲವೇತನ 17,000 ಇದ್ದದ್ದು 27,000 ಆಯಿತು. ಮೇಲಿನ ತುದಿಯಲ್ಲಿ 1,50,600 ಇದ್ದದ್ದು 2,41,200. ಕನಿಷ್ಠ ಪಿಂಚಣಿ 13,500. ಇದರಿಂದ ವರ್ಷಕ್ಕೆ ಹೆಚ್ಚುವರಿ ಹೊರೆ 20,208 ಕೋಟಿ ಅಂತ ಸರ್ಕಾರವೇ ಹೇಳಿತು. ರಾಜ್ಯದ ಜನಸಂಖ್ಯೆ ಏಳು ಕೋಟಿ ಅಂದುಕೊಂಡರೆ ತಲೆಗೆ ಸುಮಾರು 2,900 ರೂಪಾಯಿ. ಸಾಲಿನಲ್ಲಿದ್ದ ಆ ಮನುಷ್ಯನ ಮನೆಯಲ್ಲಿ ನಾಲ್ಕು ಜನ ಇದ್ದರೆ ಲೆಕ್ಕ ನೀವೇ ಹಾಕಿ. ಅವರಿಗೆ ಕೊಬ್ಬರಿ ರೇಟು ಬಿದ್ದರೆ ಯಾವ ಆಯೋಗವೂ ಬರುವುದಿಲ್ಲ.

ಇನ್ನು ಅಪ್ಪ. 1962ರಲ್ಲಿ, 21ನೇ ವಯಸ್ಸಿಗೆ, ಪ್ರಾಥಮಿಕ ಶಾಲೆಯ ಮೇಷ್ಟ್ರಾಗಿ ಸೇರಿದರು. ಮೊದಲ ಸಂಬಳ ನೂರು ರೂಪಾಯಿಯ ಒಳಗೆ. ಆಗ ನಿವೃತ್ತಿ 58ಕ್ಕೆ, 1999ರಲ್ಲಿ ಮುಖ್ಯೋಪಾಧ್ಯಾಯರಾಗಿ ಹೊರಬಂದರು. ಆಮೇಲೆ ಸಂಬಳ ಪರಿಷ್ಕರಣೆ ಆದಾಗಲೆಲ್ಲ ಪಿಂಚಣಿಯೂ ಏರಿತು, ವರ್ಷಕ್ಕೆರಡು ಸಲ ತುಟ್ಟಿಭತ್ಯೆ ಏರಿತು. ಈಗ ತಿಂಗಳಿಗೆ 30,000 ದಾಟುತ್ತದೆ. ಇದು ಅವರು ನೌಕರಿಯಲ್ಲಿದ್ದಾಗ ಪಡೆದ ಕೊನೆಯ ಸಂಬಳಕ್ಕಿಂತ ಎಷ್ಟೋ ಜಾಸ್ತಿ. "ನಾನು ದುಡಿದದ್ದು 37 ವರ್ಷ, ಕೂತು ತಿಂದದ್ದು 26. ಇನ್ನೊಂದು 11 ವರ್ಷ ಬದುಕಿದರೆ ಸರ್ಕಾರದ ಲೆಕ್ಕ ಚುಕ್ತಾ" ಅಂತ ಅವರೇ ತಮಾಷೆ ಮಾಡುತ್ತಾರೆ.

ನನ್ನದು ಖಾಸಗಿ ಕಂಪನಿ, ಪಿಎಫ್. ಪಿಎಫ್‌ನ ಜೊತೆಗಿರುವ ಪಿಂಚಣಿ ಯೋಜನೆಯಲ್ಲಿ ನಿಮ್ಮ ಸಂಬಳ ಎಷ್ಟೇ ಇರಲಿ, ಸಾಮಾನ್ಯವಾಗಿ 15,000ದ ಮೇಲೆ ಲೆಕ್ಕಕ್ಕೆ ಬರುವುದಿಲ್ಲ. ಅದನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸುತ್ತಾರೆ. 35 ವರ್ಷ ದುಡಿದರೆ 7,500. ಅದಕ್ಕೆ ತುಟ್ಟಿಭತ್ಯೆ ಇಲ್ಲ. ಕನಿಷ್ಠ ಪಿಂಚಣಿ 2014ರಿಂದಲೂ ಅದೇ ಒಂದು ಸಾವಿರ. ಹೀಗಿರುವಾಗ ಅಪ್ಪನ ಪಾಸ್‌ಬುಕ್ ನೋಡಿದರೆ, ಮಗನಾಗಿ ಸಮಾಧಾನ, ತೆರಿಗೆ ಕಟ್ಟುವವನಾಗಿ ಸಣ್ಣ ಚುಚ್ಚು. ಎರಡೂ ಒಟ್ಟಿಗೇ ಆಗುತ್ತದೆ.

ಊಟದ ಪಂಕ್ತಿ

ಬ್ಯಾಂಕಿನ ಮಾತು ತಲೆಯಲ್ಲಿ ಉಳಿದಿತ್ತು. ಅದಾಗಿ ಎರಡು ವಾರಕ್ಕೆ ಅರಸೀಕೆರೆಯಲ್ಲಿ ಅಕ್ಕನ ಮನೆಯ ಗೃಹಪ್ರವೇಶ. ಭಾವ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಸಾಲ ಮಾಡಿ ಮನೆ ಕಟ್ಟಿಸಿದ್ದಾರೆ. ಎರಡನೇ ಪಂಕ್ತಿಯಲ್ಲಿ ಮನೆಯವರೇ ಕೂತೆವು. ಅಪ್ಪ, ಅವರ ತಮ್ಮ ಅಂದರೆ ನಮ್ಮ ಚಿಕ್ಕಪ್ಪ, ಭಾವ, ನಾನು, ಎದುರು ಸಾಲಿನಲ್ಲಿ ಅಕ್ಕನ ಮಗಳು. ಇನ್ನೂ ಕೋಸಂಬರಿ ಬಡಿಸುತ್ತಿದ್ದರು. ನಾನು ಸುಮ್ಮನಿರಬೇಕಿತ್ತು. ಬ್ಯಾಂಕಿನ ಕತೆ ಹೇಳಿಬಿಟ್ಟೆ.

ಚಿಕ್ಕಪ್ಪ ತಲೆ ಎತ್ತಲೇ ಇಲ್ಲ. "ಅವನು ಹೇಳಿದ್ದರಲ್ಲಿ ತಪ್ಪೇನಿದೆ?" ಅಂದರು. ಅವರು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದವರು. "ಅಣ್ಣ ಮಕ್ಕಳಿಗೆ ಪಾಠ ಹೇಳಿದ. ನಾನು ಲೇತ್ ಮುಂದೆ ನಿಂತೆ, 31 ವರ್ಷ. ನನಗೆ ಬರೋದು ಸಾವಿರದ ಒಂಬೈನೂರು. ಮಾತ್ರೆಗೇ ಸಾಲಲ್ಲ. ಅಣ್ಣನಿಗೆ ಕೊಡಬೇಡಿ ಅಂತಲ್ಲ ಅಳಿಯಂದ್ರೇ, ನಾವೇನು ಪಾಪ ಮಾಡಿದ್ವಿ ಅಂತ."

ಭಾವ ನಕ್ಕರು. "ಮಾವ, ದೊಡ್ಡ ಮಾವನೋರ ಪಿಂಚಣಿ ನೋಡಿ ನಮ್ಮನ್ನೆಲ್ಲ ಒಂದೇ ತಕ್ಕಡೀಲಿ ತೂಗಬೇಡಿ. ಅವರದು ಬೇರೆ, ನಂದು ಬೇರೆ." ಭಾವ ಸೇರಿದ್ದು 2008ರಲ್ಲಿ, ಆಗಲೇ 38 ವಯಸ್ಸು. ಅದಕ್ಕೂ ಮುಂಚೆ ಊರೂರು ಸುತ್ತಿ ಖಾಸಗಿ ಶಾಲೆಗಳಲ್ಲಿ ದುಡಿದವರು. ಅವರಿಗೆ ಎನ್‌ಪಿಎಸ್, ಅಂದರೆ ಹೊಸ ಪಿಂಚಣಿ. ತಿಂಗಳು ತಿಂಗಳು ಮೂಲವೇತನ ಮತ್ತು ತುಟ್ಟಿಭತ್ಯೆಯ ನೂರಕ್ಕೆ ಹತ್ತು ಅವರದು ಹೋಗುತ್ತದೆ, ನೂರಕ್ಕೆ 14 ಸರ್ಕಾರ ಹಾಕುತ್ತದೆ, ಹಣ ಮಾರುಕಟ್ಟೆಯಲ್ಲಿ ಬೆಳೆಯುತ್ತದೆ ಅಥವಾ ಬೆಳೆಯುವುದಿಲ್ಲ. ನಿವೃತ್ತಿಯ ದಿನ ಗಂಟಿನಲ್ಲಿ ನೂರಕ್ಕೆ 40 ಭಾಗ ಕೊಟ್ಟು ವಿಮಾ ಕಂಪನಿಯಿಂದ ಮಾಸಿಕ ಪಿಂಚಣಿ ಕೊಳ್ಳಬೇಕು. ಅದು ಮೊದಲ ತಿಂಗಳು ಎಷ್ಟೋ ಇಪ್ಪತ್ತು ವರ್ಷದ ಮೇಲೂ ಸಾಮಾನ್ಯವಾಗಿ ಅಷ್ಟೇ. ಭಾವನ ಜೊತೆಯವರೊಬ್ಬರು ತಡವಾಗಿ ಸೇರಿ 13 ವರ್ಷ ಸೇವೆ ಮಾಡಿ ನಿವೃತ್ತರಾದರು. ಅವರಿಗೆ ತಿಂಗಳಿಗೆ ಬರುವುದು 4,000ಕ್ಕೆ ಸ್ವಲ್ಪ ಕಮ್ಮಿ. ಒಂದೇ ಸ್ಟಾಫ್ ರೂಮಿನಲ್ಲಿ ಅಪ್ಪನಿಗಿರುವಂಥ ಹಳೇ ಪಿಂಚಣಿಯವರೂ ಹೊಸ ಪಿಂಚಣಿಯವರೂ ಎದುರುಬದುರು ಕೂತಿರುತ್ತಾರೆ. 2006ರ ಏಪ್ರಿಲ್ 1ಕ್ಕೆ ಮುಂಚೆ ನೇಮಕಾತಿ ಅಧಿಸೂಚನೆ ಆಗಿ ಆಮೇಲೆ ಸೇರಿದ ಸುಮಾರು 13,000 ಜನರನ್ನು 2024ರ ಜನವರಿಯಲ್ಲಿ ಸರ್ಕಾರ ಹಳೇ ಪಿಂಚಣಿಗೆ ಸೇರಿಸಿತು. ಭಾವನ ಅಧಿಸೂಚನೆ 2007ರದ್ದು. "ಒಂದು ವರ್ಷಕ್ಕೆ ತಪ್ಪಿತು" ಅಂತ ಅವರು ಈಗಲೂ ಬೆರಳಲ್ಲಿ ತೋರಿಸುತ್ತಾರೆ, ಕೂದಲೆಳೆ ಅನ್ನುವ ಹಾಗೆ.

ಅಷ್ಟರಲ್ಲಿ ಎದುರು ಸಾಲಿನಿಂದ ಅಕ್ಕನ ಮಗಳು ಕೇಳಿದಳು: "ಚಿಕ್ಕತಾತ, ನಿಮ್ಮದು ಸಾವಿರದ ಒಂಬೈನೂರಾದ್ರೂ ಪ್ರತಿ ತಿಂಗಳು ಬರುತ್ತಾ?"

ಬರುತ್ತೆ ಅಂದರು.

"ನಂಗೆ ಜೂನ್‌ನಿಂದ ಬಂದಿಲ್ಲ."

ಅವಳು ಅತಿಥಿ ಶಿಕ್ಷಕಿ, ಕಾಯಂ ಅಲ್ಲ. ಮೇಷ್ಟ್ರಾಗಲು ಬೇಕಾದ ಡಿ.ಎಡ್. ಮುಗಿಸಿ, ಟಿಇಟಿ ಪರೀಕ್ಷೆ ಪಾಸು ಮಾಡಿ, ಒಂದು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಮೂರನೇ ವರ್ಷ. ಗೌರವಧನ ತಿಂಗಳಿಗೆ 10,000 ಇದ್ದದ್ದು ಈಚೆಗೆ 12,000 ಆಗಿದೆ. ಅದೂ ಶಾಲೆ ನಡೆಯುವ ತಿಂಗಳುಗಳಿಗೆ ಮಾತ್ರ. "ಏಪ್ರಿಲ್, ಮೇ ನಾವು ಸರ್ಕಾರದಲ್ಲಿ ಇರೋದೇ ಇಲ್ಲ ಚಿಕ್ಕತಾತ. ಜೂನ್‌ಗೆ ಮತ್ತೆ ಹುಟ್ತೀವಿ" ಅಂದಳು. ಎಲ್ಲರೂ ನಕ್ಕರು. ಅಪ್ಪ ನಗಲಿಲ್ಲ. ಕಿವಿಯ ಮೇಲೆ ಕೈ ಇಟ್ಟು "ಏನಂದಳು?" ಅಂತ ನನ್ನನ್ನು ಕೇಳಿದರು. ಹೋಳಿಗೆ ಬಂತು, ಮಾತು ಅಲ್ಲಿಗೇ ನಿಂತಿತು.

ನಮ್ಮ ಕಡೆ ಊಟಕ್ಕೆ ಕೂತಾಗ ಒಬ್ಬರಿಗೊಂದು ಇನ್ನೊಬ್ಬರಿಗೊಂದು ಬಡಿಸಿದರೆ ಪಂಕ್ತಿಭೇದ ಅನ್ನುತ್ತಾರೆ. ಬಡಿಸುವವನಿಗೆ ಪಾಪ ಸುತ್ತುತ್ತದಂತೆ. ಆ ದಿನ ನಮ್ಮ ಎಲೆಗಳಲ್ಲಿ ಭೇದ ಇರಲಿಲ್ಲ. ಅದೇ ಹೋಳಿಗೆ, ಅದೇ ತುಪ್ಪ. ಆದರೆ ಮೂರು ತಲೆಮಾರಿನ ಮೂವರು ಮೇಷ್ಟ್ರುಗಳು ಅಲ್ಲಿ ಕೂತಿದ್ದರು. ಮೂವರೂ ಒಂದೇ ಸರ್ಕಾರದ ಶಾಲೆಗಳಲ್ಲಿ ಸೀಮೆಸುಣ್ಣ ಹಿಡಿದವರು. ಅವರಿಗೆ ಬಡಿಸಿದವನು ಯಾರು ಅಂತ ಯೋಚಿಸುತ್ತಾ ನಾನು ಕೈ ತೊಳೆದೆ.

ಹತ್ತು ದಿನಗಳ ಏಪ್ರಿಲ್

ಬಸ್ಸಿನಲ್ಲಿ ವಾಪಸ್ ಬರುವಾಗ ಎರಡು ದಿನಾಂಕಗಳು ಒಂದರ ಪಕ್ಕ ಒಂದು ಬಂದು ಕೂತವು. ಇಷ್ಟು ದಿನ ಅವೆರಡನ್ನು ಬೇರೆ ಬೇರೆ ಕತೆ ಅಂದುಕೊಂಡಿದ್ದೆ.

ಒಂದು, 2006ರ ಏಪ್ರಿಲ್ 1. ಕರ್ನಾಟಕದಲ್ಲಿ ಆ ದಿನದಿಂದ ಸೇರಿದವರಿಗೆ ಹಳೇ ಪಿಂಚಣಿ ಇಲ್ಲ. ಕೇಂದ್ರದಲ್ಲಿ ಇದು 2004ರ ಜನವರಿಯಲ್ಲೇ ಆಗಿತ್ತು. ಇನ್ನೊಂದು, 2006ರ ಏಪ್ರಿಲ್ 10. ಆ ದಿನ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಉಮಾದೇವಿ ಪ್ರಕರಣದ ತೀರ್ಪು ಕೊಟ್ಟಿತು. ಅದೂ ನಮ್ಮದೇ ರಾಜ್ಯದ ಮೊಕದ್ದಮೆ. ವಾಣಿಜ್ಯ ತೆರಿಗೆ ಇಲಾಖೆಯಲ್ಲಿ ವರ್ಷಗಟ್ಟಲೆ ದಿನಗೂಲಿಯಲ್ಲಿ ದುಡಿದವರು ಕಾಯಂ ಮಾಡಿ ಅಂತ ಹೋಗಿದ್ದರು. ಕೋರ್ಟು ಆಗುವುದಿಲ್ಲ ಅಂದಿತು. ಸರಿಯಾದ ನೇಮಕಾತಿಯ ಮೂಲಕ ಬರದವರಿಗೆ ಕಾಯಂ ಆಗುವ ಹಕ್ಕಿಲ್ಲ, ಹೊರಗೆ ಕಾಯುತ್ತಿರುವ ಲಕ್ಷಾಂತರ ನಿರುದ್ಯೋಗಿಗಳಿಗೂ ಸಮಾನ ಅವಕಾಶ ಇರಬೇಕು ಅಂತ. ಹತ್ತು ವರ್ಷ ಮೀರಿ ದುಡಿದ ಕೆಲವರಿಗೆ ಒಂದು ಸಲದ ಮಟ್ಟಿಗೆ ದಾರಿ ಬಿಟ್ಟಿತು.

ತೀರ್ಪಿನ ತರ್ಕ ನನಗೆ ಅರ್ಥವಾಗುತ್ತದೆ. ಶಾಸಕರ ಚೀಟಿ ಹಿಡಿದು ದಿನಗೂಲಿಗೆ ಸೇರಿ, ಹಿಂಬಾಗಿಲಿನಿಂದ ಕಾಯಂ ಆದವರನ್ನು ನಾವೆಲ್ಲ ನೋಡಿದ್ದೇವೆ. ಆದರೆ ಆಮೇಲೆ ಆದದ್ದೇನು? ಸರ್ಕಾರ ಹಿಂಬಾಗಿಲು ಮುಚ್ಚಿತು, ಮುಂಬಾಗಿಲನ್ನು ಆಗೊಮ್ಮೆ ಈಗೊಮ್ಮೆ ಮಾತ್ರ ತೆರೆಯಿತು. ಕೆಲಸ ಮಾತ್ರ ಇದ್ದೇ ಇತ್ತು. ಹಾಗಾಗಿ ಜನರನ್ನು ಅಂಗಳದಲ್ಲೇ ಕೂರಿಸಿಕೊಂಡಿತು. ಅತಿಥಿ ಶಿಕ್ಷಕರು, ಅತಿಥಿ ಉಪನ್ಯಾಸಕರು, ಹೊರಗುತ್ತಿಗೆ ಡಿ ಗ್ರೂಪ್, ಡಾಟಾ ಎಂಟ್ರಿಯವರು, ಆಸ್ಪತ್ರೆಯ ಗುತ್ತಿಗೆ ನರ್ಸುಗಳು. ಕಾಯಂ ಮಾಡಿ ಅಂದರೆ ಉಮಾದೇವಿ ತೀರ್ಪು ತೋರಿಸುವುದು, ನೇಮಕಾತಿ ಮಾಡಿ ಅಂದರೆ ಹಣಕಾಸು ಇಲಾಖೆ ಒಪ್ಪಿಲ್ಲ ಅನ್ನುವುದು. ಆ ತೀರ್ಪನ್ನು ಹೀಗೆ ಗುರಾಣಿ ಮಾಡಿಕೊಳ್ಳಬಾರದು ಅನ್ನುವ ಅರ್ಥದ ಮಾತನ್ನು ಸುಪ್ರೀಂ ಕೋರ್ಟೇ 2024ರ ಡಿಸೆಂಬರ್‌ನಲ್ಲಿ ಹೇಳಬೇಕಾಗಿ ಬಂತು.

(ಅಂದಹಾಗೆ 'ಅತಿಥಿ' ಅನ್ನುವ ಪದ ಯಾರಿಗೆ ಹೊಳೆಯಿತೋ. ಮನೆಗೆ ಬಂದ ಅತಿಥಿಗೆ ಐದು ತಿಂಗಳು ಕಾಫಿ ಕೊಡದೆ ಕೂರಿಸುವ ಮನೆ ನಮ್ಮ ಕಡೆಯಂತೂ ಇಲ್ಲ.)

ದಪ್ಪ ಯಾರು, ತೆಳ್ಳಗೆ ಯಾರು

ಸರ್ಕಾರ ಊದಿಕೊಂಡಿದೆ, ಕರಗಿಸಬೇಕು ಅನ್ನುವ ಮಾತು ನನ್ನ ಕ್ಯಾಂಟೀನ್ ಗೆಳೆಯರ ಮೆಚ್ಚಿನ ಮಾತು. ನಿಜಕ್ಕೂ ಊದಿಕೊಂಡಿದ್ದರೆ ಕಚೇರಿಗೆ ಹೋದಾಗ ಜನ ಕಾಣಬೇಕಲ್ವಾ? ಕರ್ನಾಟಕದಲ್ಲಿ ಮಂಜೂರಾದ ಹುದ್ದೆಗಳು ಏಳೂವರೆ ಲಕ್ಷದ ಮೇಲೆ. ಅದರಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಖಾಲಿ. ಮೂರು ಕುರ್ಚಿಗೆ ಒಂದು ಖಾಲಿ ಅಂತ ಇಟ್ಟುಕೊಳ್ಳಿ.

ಎರಡು ವರ್ಷದ ಹಿಂದೆ ಜಮೀನಿನ ಕೆಲಸಕ್ಕೆ ವಂಶವೃಕ್ಷ ಬೇಕಾಗಿ ಒಂದು ನಾಡಕಚೇರಿಗೆ ನಾಲ್ಕು ಸಲ ಅಲೆದೆ. ಮೊದಲ ಸಲ ಉಪ ತಹಶೀಲ್ದಾರರು ಮೀಟಿಂಗಿಗೆ ಹೋಗಿದ್ದರು. ಎರಡನೇ ಸಲ ಗ್ರಾಮ ಆಡಳಿತ ಅಧಿಕಾರಿ ಇರಲಿಲ್ಲ. ಅವರಿಗೆ ಇನ್ನೆರಡು ವೃತ್ತದ ಪ್ರಭಾರ. ಮೂರನೇ ಸಲ ಸಿಕ್ಕರು, ಮೂವತ್ತರ ಒಳಗಿನ ಹುಡುಗ. ಮೊಬೈಲಿನಲ್ಲಿ ಯಾವುದೋ ಆ್ಯಪ್‌ಗೆ ಫೋಟೊ ಹಾಕುತ್ತಾ, "ಸಾರ್, ಇದೊಂದು ಮುಗೀಲಿ, ಸಂಜೆ ಒಳಗೆ ಪ್ರಗತಿ ತೋರಿಸಬೇಕು" ಅಂದ. ಆಧಾರ್ ಜೋಡಣೆಗೊಂದು, ಬಗರ್‌ಹುಕುಂಗೊಂದು, ಬೆಳೆಗೊಂದು ಅಂತ ಹತ್ತಾರು ಆ್ಯಪ್. 2024ರಲ್ಲಿ ಗ್ರಾಮ ಆಡಳಿತ ಅಧಿಕಾರಿಗಳೆಲ್ಲ ಕೆಲಸ ನಿಲ್ಲಿಸಿ ಕೂತಾಗ ದೊಡ್ಡ ದೂರು ಇದೇ ಆ್ಯಪ್‌ಗಳದ್ದಾಗಿತ್ತು. ಆ ಕಚೇರಿಯಲ್ಲಿ ನಾಲ್ಕು ಸಲವೂ ತಪ್ಪದೆ ಕಂಡದ್ದು ಒಬ್ಬಳೇ, ಕಂಪ್ಯೂಟರ್ ಮುಂದಿನ ಹೆಂಗಸು. ಎಲ್ಲರ ಅರ್ಜಿ ಅವಳ ಕೈಯಲ್ಲೇ. ಯಾವ ಕಾಗದ ಎಲ್ಲಿದೆ ಅಂತ ಅವಳಿಗೇ ಗೊತ್ತು. ಕೊನೆಗೆ ನನ್ನ ಕೆಲಸ ಆದದ್ದೂ ಅವಳು ಫೋನ್ ಮಾಡಿ ನೆನಪಿಸಿದ್ದರಿಂದ. ಎಷ್ಟು ವರ್ಷದಿಂದ ಇದ್ದೀರಿ ಅಂದೆ. ಒಂಬತ್ತು. ಕಾಯಮ್ಮಾ ಅಂದೆ. ಏಜೆನ್ಸಿ ಸಾರ್, ಅಂದಳು.

ಇಡೀ ಚರ್ಚೆಯಲ್ಲಿ ನನಗೆ ಸಿಟ್ಟು ಬರುವುದು ಇಲ್ಲಿ. ಸರ್ಕಾರದ ಗಾತ್ರ ಅಂತ ನಾವು ಎಣಿಸುವಾಗ ಅವಳು ಲೆಕ್ಕದಲ್ಲಿ ಇಲ್ಲ. ಅವಳ ಸಂಬಳ ವೇತನ ಅಲ್ಲ, 'ಸೇವೆಯ ಖರೀದಿ'. ಸರ್ಕಾರ ಕಮ್ಮಿ ಜನರಿಗೆ ಜಾಸ್ತಿ ಕೊಟ್ಟು, ಉಳಿದ ಕೆಲಸವನ್ನು ಲೆಕ್ಕಕ್ಕಿಲ್ಲದವರಿಂದ ಮಾಡಿಸಿಕೊಳ್ಳುತ್ತದೆ. ವೇತನ ಆಯೋಗದ ಮುಂದೆ ಬರುವುದು ಇದ್ದವರ ಸಂಬಳ. ಇಲ್ಲದವರ ಕುರ್ಚಿಯ ಮಾತು ಇನ್ನೆಲ್ಲೋ, ಇನ್ಯಾವಾಗಲೋ. ಒಂದು ಸಣ್ಣ ಗುಣಾಕಾರ ಮಾಡಿದೆ. ಕನಿಷ್ಠ ಮೂಲವೇತನ 27,000ದಂತೆ ಒಂದು ಲಕ್ಷ ಹುದ್ದೆ ತುಂಬಿದರೆ ವರ್ಷಕ್ಕೆ 3,240 ಕೋಟಿ. ಭತ್ಯೆಗಳು ಸೇರಿದರೆ ಇನ್ನೂ ಜಾಸ್ತಿ, ಮೇಲಿನ ಹುದ್ದೆಯಾದರೆ ಮತ್ತೂ ಜಾಸ್ತಿ. ಆದರೂ ಆ 20,208 ಕೋಟಿಯ ಪಕ್ಕ ಇಟ್ಟು ನೋಡಿ. ಎರಡನ್ನೂ ಒಂದೇ ಹಾಳೆಯಲ್ಲಿ ಬರೆದು ಕೇಳಿದ್ದರೆ ನೌಕರರ ಸಂಘ ಏನು ಹೇಳುತ್ತಿತ್ತು? 2023ರ ಮಾರ್ಚ್ 1ರ ಮುಷ್ಕರದಲ್ಲಿ ಒಂದೇ ದಿನಕ್ಕೆ ನೂರಕ್ಕೆ 17ರ ಮಧ್ಯಂತರ ಪರಿಹಾರ ಪಡೆದ ಸಂಘ ಅದು. ಅಷ್ಟು ಬಲ ಇದೆ. ಆ ಬಲ ಖಾಲಿ ಕುರ್ಚಿಗಾಗಿ ಅಷ್ಟೇ ಜೋರಾಗಿ ಎದ್ದು ನಿಂತದ್ದು ನಾನು ನೋಡಿಲ್ಲ.

ಇದನ್ನು ಭಾವನಿಗೆ ಹೇಳಿದೆ. ಅವರಿಗೆ ಬೇಸರವಾಯಿತು. "ನಮ್ಮನ್ನು ಚುನಾವಣೆಗೆ ಕಳಿಸ್ತಾರೆ, ದಸರಾ ರಜೆಯಲ್ಲಿ ಜಾತಿ ಸಮೀಕ್ಷೆಗೆ ಮನೆಮನೆ ತಿರುಗಿಸ್ತಾರೆ. ಖಾಲಿ ಕುರ್ಚಿ ಕೆಲಸವನ್ನೂ ನಾವೇ ಮಾಡ್ತಿರೋದು. ಸಂಬಳ ಕೇಳೋದೂ ತಪ್ಪಾ?" ತಪ್ಪಲ್ಲ. ಆದರೆ ಅಕ್ಕನ ಮಗಳು ಇನ್ನೊಂದು ಸಲ, ಅಪ್ಪ ಇಲ್ಲದಾಗ, ನನಗೆ ಹೇಳಿದ್ದುಂಟು: ಅವಳ ಶಾಲೆಯಲ್ಲಿ ಕಾಯಂ ಮೇಷ್ಟ್ರೊಬ್ಬರು ತಮ್ಮ ತರಗತಿಯನ್ನೂ ಅವಳಿಗೇ ಒಪ್ಪಿಸಿ ಬಿಸಿಲಿಗೆ ಕುರ್ಚಿ ಹಾಕಿಕೊಳ್ಳುತ್ತಾರಂತೆ. ಚಿಕ್ಕಪ್ಪನ ಸಿಟ್ಟಿನ ಹಿಂದೆಯೂ ಪಿಂಚಣಿ ಒಂದೇ ಇಲ್ಲ. ಖಾತೆ ಬದಲಾವಣೆಗೆ ಅವರು ಟೇಬಲ್ಲಿನ ಕೆಳಗೆ ಕೊಟ್ಟ ಎಂಟು ಸಾವಿರ ಇದೆ. ಕೊಟ್ಟವರಿಗೆ ತಿಂಗಳಿಗೆ 1,900, ಇಸಿದುಕೊಂಡವರಿಗೆ ಅದರ ನಲವತ್ತು ಪಟ್ಟು.

ಹಳೇ ಪಿಂಚಣಿ ಬರಲೇಬೇಕಾ?

1982ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟು ನಕಾರಾ ಪ್ರಕರಣದಲ್ಲಿ, ಪಿಂಚಣಿ ಅನ್ನುವುದು ದೊರೆ ಮನಸ್ಸಿಗೆ ಬಂದಂತೆ ಕೊಡುವ ಭಿಕ್ಷೆ ಅಲ್ಲ, ದುಡಿದವರ ಹಕ್ಕು ಅನ್ನುವ ಅರ್ಥದ ಮಾತು ಹೇಳಿತು. ಅಪ್ಪನ ಪಿಂಚಣಿದಾರರ ಸಂಘದವರು ಪ್ರತಿ ವರ್ಷ ಆ ದಿನ ಸಭೆ ಮಾಡಿ, ಉಪ್ಪಿಟ್ಟು ಕೇಸರಿಬಾತು ತಿಂದು, ಒಬ್ಬರಿಗೊಬ್ಬರು ಶಾಲು ಹೊದಿಸುತ್ತಾರೆ. ಆ ಮಾತನ್ನು ನಾನು ಒಪ್ಪುತ್ತೇನೆ. ದುಡಿದವರು ಅಂದರೆ ಯಾರು ಅನ್ನುವಲ್ಲಿ ನನ್ನ ತಕರಾರು. ಲೇತ್ ಮುಂದೆ ನಿಂತವರು ದುಡಿದವರಲ್ಲವಾ?

ರಾಜಸ್ಥಾನ, ಛತ್ತೀಸಗಢ, ಪಂಜಾಬ್, ಹಿಮಾಚಲ ಹಳೇ ಪಿಂಚಣಿಗೆ ವಾಪಸ್ ಹೋಗುತ್ತೇವೆ ಅಂತ ಘೋಷಿಸಿದವು. ಕೇಂದ್ರ ಸರ್ಕಾರ 2025ರ ಏಪ್ರಿಲ್‌ನಿಂದ ಯುಪಿಎಸ್ ಅನ್ನುವ ನಡುದಾರಿ ತಂದಿತು: 25 ವರ್ಷ ಸೇವೆ ಮಾಡಿದವರಿಗೆ ಕೊನೆಯ ವರ್ಷದ ಸರಾಸರಿ ಮೂಲವೇತನದ ಅರ್ಧ ಖಾತ್ರಿ, ನೌಕರರ ವಂತಿಗೆಯೂ ಇರುತ್ತದೆ. ನಮ್ಮಲ್ಲಿ ಇನ್ನೂ ಹಗ್ಗಜಗ್ಗಾಟ. ಹಳೇ ಪಿಂಚಣಿ ಕೊಡುತ್ತೇವೆ ಅನ್ನುವುದು ರಾಜಕಾರಣಿಗೆ ಬಹಳ ಸುಲಭದ ಮಾತು. ಭಾವನ ತಿಂಗಳ ವಂತಿಗೆ ಉಳಿಯುತ್ತದೆ, ಸರ್ಕಾರದ ಪಾಲೂ ಇವತ್ತಿಗೆ ಉಳಿಯುತ್ತದೆ, ಬಿಲ್ಲು ಬರುವುದು 2035ರ ಆಚೆ, ಆಗ ಕುರ್ಚಿಯಲ್ಲಿ ಇನ್ಯಾರೋ. ಆಗ ಆ ಬಿಲ್ಲಿಗೆ ತೆರಿಗೆ ಕಟ್ಟುವವರಲ್ಲಿ ಅಕ್ಕನ ಮಗಳೂ ಒಬ್ಬಳು. ತನಗಿಲ್ಲದ ಪಿಂಚಣಿಗೆ ಅವಳು ಸೋಪಿನ ಮೇಲೆ, ಬೆಂಕಿಪೊಟ್ಟಣದ ಮೇಲೆ ಜಿಎಸ್‌ಟಿ ಕಟ್ಟಬೇಕು. ಭಾವನಿಗೆ ಒಂದು ಖಾತ್ರಿ ಇರಲೇಬೇಕು, ಮಾರುಕಟ್ಟೆ ಬಿದ್ದ ವರ್ಷ ನಿವೃತ್ತರಾದವರು ಭಿಕ್ಷೆ ಬೇಡಬಾರದು. ಆದರೆ ಅಪ್ಪನ ಪಿಂಚಣಿಯಂಥದ್ದು ಇನ್ನು ಲಕ್ಷಗಟ್ಟಲೆ ಜನರಿಗೆ ಬೇಕು ಅಂದರೆ ನನ್ನ ಕೈ ಮೇಲೇಳುವುದಿಲ್ಲ. ಅದಕ್ಕೂ ಮುಂಚೆ ಚಿಕ್ಕಪ್ಪನ ಎಲೆಗೆ ಏನಾದರೂ ಬೀಳಲಿ. ಭಾವ ಇದನ್ನು ಓದುತ್ತಾರೆ, ಯುಗಾದಿಗೆ ನನ್ನ ಕೈಗೆ ಬೇವೇ ಜಾಸ್ತಿ ಬರುತ್ತದೆ ಅಂತ ಗೊತ್ತಿದೆ.

ಮೊನ್ನೆ ತಿಂಗಳ ಮೊದಲ ದಿನ ಊರಿನಲ್ಲೇ ಇದ್ದೆ. ಬೆಳಗ್ಗೆ ಅಪ್ಪನ ಫೋನಿಗೆ ಮೆಸೇಜು ಬಂತು. ಅವರಿಗೆ ಅಕ್ಷರ ಕಾಣುವುದಿಲ್ಲ, ನನ್ನಿಂದ ಓದಿಸಿದರು. ಮೊತ್ತ ಕೇಳಿ ತಲೆಯಾಡಿಸಿ ಕನ್ನಡಕ ತೆಗೆದಿಟ್ಟರು. ಸ್ವಲ್ಪ ಹೊತ್ತು ಬಿಟ್ಟು, "ಅವಳಿಗೆ ಬಂತಂತಾ?" ಅಂದರು.

ಯಾರಿಗೆ ಅಂದೆ.

"ಅದೇ, ಜೂನ್‌ನಿಂದ ಬಂದಿಲ್ಲ ಅಂದಳಲ್ಲ."

ಇನ್ನೂ ಇಲ್ಲವಂತೆ ಅಂದೆ. ಮೇಷ್ಟ್ರ ನೇಮಕಾತಿ ಕರೆಯಬಹುದು ಅಂತ ಹಾಸನದಲ್ಲಿ ಕೋಚಿಂಗ್ ಸೇರಬೇಕು ಅಂತಿದ್ದಾಳೆ ಅಂತಲೂ ಹೇಳಿದೆ. ಅಪ್ಪ ಫೋನನ್ನು ನನ್ನ ಕಡೆ ಸರಿಸಿದರು. "ಐದು ಸಾವಿರ ಅವಳಿಗೆ ಹಾಕು. ನಾನು ಹಾಕಿದ್ದು ಅನ್ನಬೇಡ, ಸಂಬಳ ಬಂದ ಮೇಲೆ ವಾಪಸ್ ಕೊಡ್ತೀನಿ ಅಂತ ಹಟ ಮಾಡ್ತಾಳೆ." ನಾನು ಹಾಕಿದೆ. ಪಿನ್ ಕೇಳಿತು. ಅಪ್ಪ ಸೇವೆಗೆ ಸೇರಿದ ವರ್ಷವನ್ನೇ ಪಿನ್ ಮಾಡಿಕೊಂಡಿದ್ದಾರೆ. ಬೇರೆ ಯಾವುದೂ ನೆನಪಿರುವುದಿಲ್ಲವಂತೆ.